ಓದುಗರ ಪ್ರಶ್ನೆ: 300 ಓಮ್ ಹೆಡ್‌ಫೋನಿಗೆ ಆಂಪ್ ಬೇಕೇ ಬೇಕಾ?

ಪ್ರಶ್ನೆ: ಸೆನ್‌ಹೈಸರ್ ಎಚ್‌ಡಿ 650 ತಗೊಂಡಿದ್ದೇನೆ. ಆಂಡ್ರಾಯ್ಡ್ ಫೋನಿನ ಚಾರ್ಜಿಂಗ್ ಸಾಕೆಟ್ಟಿಗೆ ಹೆಡ್‌ಫೋನ್ ಜೋಡಿಸುವ ಆಪಲ್‌ನ ಚಿಕ್ಕ ಡಾಂಗಲ್ ಹಾಕಿ ಕೇಳುತ್ತೇನೆ. ಹೊಸ ಸಿನಿಮಾ ಹಾಡು ಪರವಾಗಿಲ್ಲ. ಹಳೆಯ ಹಿಂದೂಸ್ತಾನಿ ಕಚೇರಿ ಹಾಕಿದರೆ ಮಾತ್ರ ವಾಲ್ಯೂಮ್ ತುದಿಗೇರಿಸಿದರೂ ಸಾಲದು. ಹೆಡ್‌ಫೋನಿನ ತಡೆ (ಇಂಪೀಡೆನ್ಸ್) 300 ಓಮ್ ಅಂದಮೇಲೆ ಸದ್ದು ಹೆಚ್ಚಿಸುವ ಆಂಪ್ (ಆಂಪ್ಲಿಫೈಯರ್) ಇಲ್ಲದೆ ಆಗಲ್ಲ ಅಂತಾರೆ ಸ್ನೇಹಿತರು. ಆಂಪ್ ಕೊಳ್ಳಲಾ, ಹಾಡು ಕೇಳಲೆಂದೇ ಇರುವ ಜೇಬಿನ ಪ್ಲೇಯರ್ ಕೊಳ್ಳಲಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಅದೇ ಡಾಂಗಲನ್ನು ಒಮ್ಮೆ ಲ್ಯಾಪ್‌ಟಾಪಿಗೆ ಚುಚ್ಚಿ, ಅದೇ ಕಚೇರಿ ಹಾಕಿ ನೋಡಿ. ಫೋನಿಗಿಂತ ಚೆನ್ನಾಗಿ ಜೋರಾಗಿ ಕೇಳಿಸಿತಾ? ಹಾಗಾದರೆ ತಪ್ಪು ಹೆಡ್‌ಫೋನಿನದಲ್ಲ, ಫೋನಿನದು. ಆಪಲ್ ಡಾಂಗಲ್ ಒಳಗೆ ಅದರದೇ ಒಂದು ವಾಲ್ಯೂಮ್ ಇದೆ. ಅನೇಕ ಆಂಡ್ರಾಯ್ಡ್ ಫೋನುಗಳು ಅದನ್ನು ಪೂರ್ತಿ ತೆರೆಯುವುದೇ ಇಲ್ಲ. ನೀವು ಫೋನಿನ ಗುಂಡಿ ಒತ್ತಿ ಒತ್ತಿ ತುದಿ ಮುಟ್ಟಿಸಿದರೂ ಡಾಂಗಲ್ ಅರ್ಧದಲ್ಲೇ ನಿಂತಿರುತ್ತದೆ. ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋ ಥರದ, ಡಾಂಗಲ್ ಜೊತೆ ನೇರವಾಗಿ ಮಾತಾಡುವ ಆ್ಯಪ್ ಬಳಸಿದರೆ ಈ ಬೀಗ ತೆರೆಯುತ್ತದೆ. ಇನ್ನೊಂದು ಸಂಗತಿ: ಯುರೋಪಿನಲ್ಲಿ ಮಾರುವ ಆಪಲ್ ಡಾಂಗಲ್ ಅರ್ಧ ವೋಲ್ಟ್ ಮಾತ್ರ ಕೊಡುತ್ತದೆ, ಬೇರೆ ಕಡೆಯದು ಒಂದು ವೋಲ್ಟ್. ಅಲ್ಲಿನ ಬಂಧುಗಳು ಯಾರಾದರೂ ತಂದುಕೊಟ್ಟದ್ದಾದರೆ ಅದನ್ನೂ ಗಮನಿಸಿ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಕೂಡುವುದು ಕಳೆಯುವುದು ಅಷ್ಟೇ. ಎಚ್‌ಡಿ 650ಗೆ ಒಂದು ವೋಲ್ಟ್ ಕೊಟ್ಟರೆ 103 ಡೆಸಿಬೆಲ್ ಸದ್ದು ಬರುತ್ತದೆ ಎಂದು ಕಂಪನಿಯೇ ಬರೆದಿದೆ. ಇದು ಹಾಡಿನ ಅತಿ ಜೋರಾದ ಕ್ಷಣದ ಲೆಕ್ಕ. ಈಗಿನ ಸಿನಿಮಾ ಹಾಡುಗಳನ್ನು ಮೊದಲಿಂದ ಕೊನೆವರೆಗೆ ಜೋರಾಗಿಯೇ ತುಂಬಿಸಿರುತ್ತಾರೆ. ಸರಾಸರಿ ಸದ್ದು ತುದಿಗಿಂತ ಸುಮಾರು 10 ಡೆಸಿಬೆಲ್ ಕೆಳಗಿದೆ ಅಂದುಕೊಳ್ಳಿ. ಅಂದರೆ 93. ಕಿವಿಗೆ ಇದು ಜಾಸ್ತಿಯೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, 90ರಲ್ಲಿ ಬರೀ 4 ಗಂಟೆ.

ಮಲ್ಲಿಕಾರ್ಜುನ ಮನ್ಸೂರರ ಹಳೆಯ ಕಚೇರಿಯ ಕಥೆ ಬೇರೆ. ತಂಬೂರಿಯ ಶ್ರುತಿಯಿಂದ ಶುರುವಾಗಿ, ಎಲ್ಲೋ ಒಂದು ತಾನದಲ್ಲಿ ಮಾತ್ರ ಸದ್ದು ತುದಿ ಮುಟ್ಟುತ್ತದೆ. ಯಾರೋ ಟೇಪಿನಿಂದ ಇಳಿಸುವಾಗ ಮಟ್ಟ ಇನ್ನಷ್ಟು ಕೆಳಗಿಟ್ಟಿರಲೂಬಹುದು. ಸರಾಸರಿ 25 ಡೆಸಿಬೆಲ್ ಕೆಳಗೆ ಹೋಯಿತು ಅಂದರೆ ನಿಮಗೆ ಸಿಗುವುದು 78. ಫೋನು ಅರ್ಧ ವೋಲ್ಟೇ ಬಿಟ್ಟರೆ ಇನ್ನೂ 6 ಕಳೆಯಿರಿ, 72. ಸಾಲದು ಅನ್ನಿಸುವುದು ಅಲ್ಲಿ. ನಿಮ್ಮ ಕಿವಿ ಸರಿಯಾಗಿಯೇ ಹೇಳಿದೆ. ಆದರೆ ಕೊರತೆ ಇರುವುದು ಒಂದೆರಡು ವೋಲ್ಟಿನಷ್ಟು. ಅದಕ್ಕೆ ದೊಡ್ಡ ಪೆಟ್ಟಿಗೆ ಬೇಕಿಲ್ಲ. 2 ವೋಲ್ಟ್ ಕೊಡುವ ಡಾಂಗಲ್ ಹಾಕಿದರೆ 103 ಹೋಗಿ 109 ಆಗುತ್ತದೆ. ಬಹುಪಾಲು ಜನರಿಗೆ ವಿಷಯ ಅಲ್ಲಿಗೆ ಮುಗಿಯಿತು.

ಹಾಗಾದರೆ ಸ್ನೇಹಿತರು ಹೇಳಿದ ಓಮ್ ಮಾತು? ಅದು ಅರ್ಧ ಸತ್ಯ. ನೀರಾವರಿಯ ಉದಾಹರಣೆ ಕೊಡುತ್ತೇನೆ. ಆಳದ ಬೋರ್‌ವೆಲ್ಲಿಗೆ ನೀರನ್ನು ಎತ್ತರಕ್ಕೆ ತಳ್ಳುವ ಮೋಟಾರ್ ಬೇಕು, ಬರುವ ನೀರು ಕಡಿಮೆಯಾದರೂ ನಡೆಯುತ್ತದೆ. ಕಾಲುವೆಯಿಂದ ಪಕ್ಕದ ಗದ್ದೆಗೆ ಎತ್ತರ ಬೇಡ, ನೀರು ಬಳಬಳ ಬರಬೇಕು. 300 ಓಮ್ ಹೆಡ್‌ಫೋನ್ ಅಂದರೆ ಬೋರ್‌ವೆಲ್. ವೋಲ್ಟೇಜ್ ಬೇಕು, ಕರೆಂಟ್ ಚೂರು ಸಾಕು. ನಿಮ್ಮ ಎಚ್‌ಡಿ 650 ಕಿವಿ ಗಡಚಿಕ್ಕುವ 110 ಡೆಸಿಬೆಲ್ ಮುಟ್ಟಲು 2.2 ವೋಲ್ಟ್ ಕೇಳುತ್ತದೆ. ತಿನ್ನುವ ಪವರ್ ಸುಮಾರು 17 ಮಿಲಿವ್ಯಾಟ್, ಅಷ್ಟೇ.

ಇದರ ಪಕ್ಕದಲ್ಲಿ ಹೈಫೈಮ್ಯಾನ್ ಎಚ್‌ಇ-6 ಇಡಿ. ಅದು ಬರೀ 50 ಓಮ್. ಓಮ್ ನೋಡಿದರೆ ಫೋನಿಗೂ ಒಗ್ಗಬೇಕು, ಅಲ್ವಾ? ಆದರೆ ಅದರ ಸೆನ್ಸಿಟಿವಿಟಿ, ಅಂದರೆ ಕೊಟ್ಟ ವಿದ್ಯುತ್ತಿಗೆ ಎಷ್ಟು ಸದ್ದು ಬರುತ್ತದೆ ಎನ್ನುವ ಲೆಕ್ಕ, ಒಂದು ಮಿಲಿವ್ಯಾಟಿಗೆ 83.5 ಡೆಸಿಬೆಲ್. ಅದೇ 110 ಮುಟ್ಟಲು ಸುಮಾರು 450 ಮಿಲಿವ್ಯಾಟ್ ಬೇಕು, 4.7 ವೋಲ್ಟ್ ಬೇಕು. ಎತ್ತರವೂ ಬೇಕು, ನೀರೂ ಬೇಕು! ಅದನ್ನು ಕೊಂಡ ಹವ್ಯಾಸಿಗಳು ಹೆಡ್‌ಫೋನ್ ಆಂಪ್ ಸಾಲದೆ ಸ್ಪೀಕರ್ ಓಡಿಸುವ ಆಂಪಿಗೇ ಜೋಡಿಸಿ ಕೇಳುತ್ತಿದ್ದರು. ಇಂಥದ್ದಕ್ಕೆ ಆಂಪ್ ಬೇಕೇ ಬೇಕು, ವಾದವೇ ಇಲ್ಲ. ಆದ್ದರಿಂದ ಅಂಗಡಿಯಲ್ಲಿ ಓಮ್ ಕೇಳಿ, ಜೊತೆಗೆ ಸೆನ್ಸಿಟಿವಿಟಿಯನ್ನೂ ಕೇಳಿ. ಅದನ್ನು ಒಂದು ವೋಲ್ಟಿಗೆ ಹೇಳಿದ್ದಾರಾ, ಒಂದು ಮಿಲಿವ್ಯಾಟಿಗೆ ಹೇಳಿದ್ದಾರಾ ಎಂದೂ ನೋಡಿ. ಎರಡೂ ಬೇರೆ. ಇಲ್ಲೇ ಅರ್ಧ ಗೊಂದಲ ಹುಟ್ಟುವುದು.

ಆಂಪ್, ಪ್ಲೇಯರುಗಳ ಡಬ್ಬಿ ಮೇಲಿನ ಅಂಕಿಗಳಲ್ಲೂ ಒಂದು ಮರ್ಮವಿದೆ. ಸಾಮಾನ್ಯವಾಗಿ ದೊಡ್ಡದಾಗಿ ಅಚ್ಚು ಹಾಕುವುದು 32 ಓಮ್‌ಗೆ ಸಿಗುವ ಪವರನ್ನು. 2 ವೋಲ್ಟಿನ ಡಾಂಗಲ್ 32 ಓಮ್‌ಗೆ 125 ಮಿಲಿವ್ಯಾಟ್ ಕೊಡಬಲ್ಲದು. ಅದೇ ಡಾಂಗಲ್ 300 ಓಮ್‌ಗೆ 13 ಮಿಲಿವ್ಯಾಟ್ ಮಾತ್ರ. ಮೋಸವೇನಿಲ್ಲ, ಗಣಿತವೇ ಹಾಗೆ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ವ್ಯಾಟ್ ಬರುತ್ತದೆ. ನಿಮ್ಮಂಥವರು ವ್ಯಾಟ್ ಬಿಟ್ಟು ಎಷ್ಟು ವೋಲ್ಟ್ ಎಂದು ಕೇಳುವುದೇ ಸರಿ. 4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ಪಿನ್ (ಎಡ, ಬಲ ಕಿವಿಗಳಿಗೆ ಪೂರ್ತಿ ಬೇರೆ ಬೇರೆ ತಂತಿ) ಇರುವ ಡಾಂಗಲ್‌ಗಳಲ್ಲಿ ಹಲವು 4 ವೋಲ್ಟ್ ಕೊಡುತ್ತವೆ. ಇನ್ನೂ 6 ಡೆಸಿಬೆಲ್ ಸಿಗುತ್ತದೆ. ಆದರೆ ಬೇರೆ ಕೇಬಲ್ ಕೊಳ್ಳಬೇಕು.

ಪ್ಲೇಯರ್ ವಿಷಯ. ಫೋನಿನ ಬ್ಯಾಟರಿ ಉಳಿಯುತ್ತದೆ, ಮೆಮೊರಿ ಕಾರ್ಡಿನಲ್ಲಿ ಸಂಗೀತ ತುಂಬಿಕೊಳ್ಳಬಹುದು, ಮಧ್ಯೆ ಕರೆ ಬರುವುದಿಲ್ಲ. ಇವು ನಿಮಗೆ ಮುಖ್ಯವಾದರೆ ಖಂಡಿತ ತಗೊಳ್ಳಿ. ಧ್ವನಿಗಾಗಿ ತಗೊಳ್ಳುತ್ತೀರಾದರೆ ಯೋಚಿಸಿ. ಎಚ್‌ಡಿ 650 ಹಿಂಬದಿ ತೆರೆದ ಹೆಡ್‌ಫೋನ್. ಬಸ್ಸಿನಲ್ಲಿ ಹಾಕಿಕೊಂಡರೆ ಹೊರಗಿನ ಹಾರ್ನ್ ಪೂರ್ತಿ ಒಳಗೆ, ನಿಮ್ಮ ರಾಗ ಪೂರ್ತಿ ಪಕ್ಕದವರಿಗೆ. ಅದು ಮನೆಯಲ್ಲಿ ಕೂತು ಕೇಳುವ ವಸ್ತು. ಮನೆಯಲ್ಲೇ ಅಂದಮೇಲೆ ಜೇಬಿನ ಪ್ಲೇಯರಿಗೆ ಯಾಕೆ ದುಡ್ಡು? ಮುಂದೆ ಆಸೆಯಾದರೆ ಗೋಡೆಯ ಪ್ಲಗ್ಗಿಗೆ ಹಾಕುವ ಮೇಜಿನ ಆಂಪ್ ಸಾಕು. ಕಡಿಮೆ ಬೆಲೆಗೆ ಜಾಸ್ತಿ ವೋಲ್ಟ್ ಸಿಗುವುದು ಅಲ್ಲೇ.

ಜಾಸ್ತಿ ಅಂದರೆ ಒಳ್ಳೆಯದು ಅಂತಲೂ ಅಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಹುಮ್ಮಸ್ಸಿನಲ್ಲಿ ಒಂದು ದಪ್ಪ ಆಂಪ್ ತಂದು, ಕಿವಿಯೊಳಗೆ ಸೇರಿಸುವ 16 ಓಮ್‌ನ ಇಯರ್‌ಫೋನ್ ಹಾಕಿದೆ. ಹಾಡು ಶುರುವಾಗುವ ಮೊದಲೇ ಸ್‌ಸ್‌ಸ್ ಅಂತ ಸದ್ದು. ವಾಲ್ಯೂಮ್ ತಿರುಗಣೆ ಒಂದು ಕೂದಲೆಳೆ ತಿರುಗಿಸಿದರೆ ಕಿವಿ ಹರಿಯುವಷ್ಟು ಜೋರು. ಸೂಕ್ಷ್ಮ ಇಯರ್‌ಫೋನಿಗೆ ಫೋನಿನ ಡಾಂಗಲೇ ವಾಸಿ ಅಂತ ಅವತ್ತು ಗೊತ್ತಾಯಿತು. ಆಂಪಿನಲ್ಲಿ ಗೇನ್ ಗುಂಡಿ (ಸದ್ದನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂದು ಆರಿಸುವುದು) ಇದ್ದರೆ ಯಾವಾಗಲೂ ಕೆಳಗಿನದರಿಂದ ಶುರು ಮಾಡಿ.

ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪಿನ ಒಳಗಿನದೇ ತಡೆ, ಅನ್ನುವುದೂ ಒಂದಿದೆ. ಆಂಪಿನದು ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎನ್ನುವುದು ರೂಢಿಯ ಲೆಕ್ಕ. ನಿಮಗೆ 37 ಓಮ್‌ವರೆಗೂ ಅಡ್ಡಿಯಿಲ್ಲ. ಡಾಂಗಲ್‌ಗಳದು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕಡಿಮೆ. ಹಳೆಯ ರೇಡಿಯೋದಂತೆ ಗಾಜಿನ ವಾಲ್ವ್ ಇರುವ ಕೆಲವು ಆಂಪುಗಳಲ್ಲಿ ಇದು ನೂರು ದಾಟುತ್ತದೆ. ಆಗ ಎಚ್‌ಡಿ 650ರ ಬಾಸ್ ಸ್ವಲ್ಪ ಉಬ್ಬುತ್ತದೆ. ಅದೇ ಇಷ್ಟ ಅನ್ನುವವರೂ ಇದ್ದಾರೆ. ಇರಲಿ, ರುಚಿ ಅವರವರದು.

ಹೊಸ ಡಾಂಗಲ್ಲೋ ಆಂಪೋ ಪರೀಕ್ಷಿಸಲು ಅಂಗಡಿಗೆ ಹೋದರೆ ಹಳೆಯದನ್ನೂ ಜೊತೆಗೆ ಒಯ್ಯಿರಿ. ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿ. ಒಂದೆರಡು ಡೆಸಿಬೆಲ್ ಜೋರಿದ್ದರೂ ಸಾಕು, ನಮ್ಮ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ. ಮಟ್ಟ ಸರಿ ಮಾಡಿದ ಮೇಲೆ ವ್ಯತ್ಯಾಸ ಎಷ್ಟೋ ಸಲ ಮಾಯವಾಗುತ್ತದೆ. ಮಾರುವವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಕೊನೆಗೊಂದು ಚಿಕ್ಕ ವಿಷಯ. ಎಚ್‌ಡಿ 650ರ ದಪ್ಪ 6.35 ಮಿಲಿಮೀಟರ್ ಪಿನ್ನಿಗೆ ಲೋಹದ ಗಟ್ಟಿ ಅಡಾಪ್ಟರ್ ಸಿಕ್ಕಿಸಿ ಡಾಂಗಲ್‌ಗೆ ನೇತುಹಾಕಬೇಡಿ. ಆ ಭಾರಕ್ಕೆ ಫೋನಿನ ಚಾರ್ಜಿಂಗ್ ಸಾಕೆಟ್ ಸಡಿಲವಾಗುತ್ತದೆ. ಗೇಣುದ್ದದ ವೈರ್ ಇರುವ ಅಡಾಪ್ಟರ್ ಸಿಗುತ್ತದೆ, ಅದನ್ನು ತಗೊಳ್ಳಿ.