ಗಾಳಿಗೆ ಬಾಗಿಲಿಲ್ಲದ ಇಂಜಿನ್

ವಂಟಮೂರಿ ಘಾಟ್ ಇಳಿಯುವಾಗ ಕಾಕಾ ಒಮ್ಮೆಲೆ ಸೀಟಿನಿಂದ ಅರ್ಧ ಎದ್ದು ಬ್ರೇಕ್ ಪೆಡಲ್ ಮೇಲೆ ನಿಂತೇಬಿಟ್ಟರು. “ಲೇ ತಮ್ಮಾ, ಪೆಡಲ್ ಕಲ್ಲ ಆಗೇತಿ!” ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹೇಗೋ ಗಾಡಿಯನ್ನು ರಸ್ತೆ ಬದಿಗೆ ತಂದರು. ಬ್ರೇಕ್ ಆಯಿಲ್ ತುಂಬಿತ್ತು. ಪ್ಯಾಡ್ ಹೊಸದಾಗಿದ್ದವು. ಬ್ರೇಕ್ ಕೆಟ್ಟಿರಲೇ ಇಲ್ಲ. ಹದಿನೈದು ದಿನದ ಹಿಂದೆ ಇಂಜಿನ್ ಬದಲಾಗಿತ್ತು, ಅಷ್ಟೇ.

ಬೆಳಗಾವಿ ಕ್ಯಾಂಪಿನಲ್ಲಿ ಸೈನ್ಯದ ಹಸಿರು ಮಾರುತಿ ಜಿಪ್ಸಿಗಳನ್ನು ನೋಡುತ್ತ ಬೆಳೆದ ನಮ್ಮ ಕಡೆಯವರಿಗೆ ಆ ಗಾಡಿ ಅಂದರೆ ಒಂದು ಹುಚ್ಚು. ಕಾಕಾ ಕೂಡ ಹಳೆಯದೊಂದನ್ನು ತಂದಿದ್ದರು. 1298 ಸಿಸಿ ಪೆಟ್ರೋಲ್ ಇಂಜಿನ್, ನಾಲ್ಕೂ ಚಕ್ರಕ್ಕೆ ಎಳೆತ. ಹುಕ್ಕೇರಿ ಕಡೆಯ ಕಬ್ಬಿನ ಗದ್ದೆಯ ಎರೆ ಕೆಸರಲ್ಲಿ ಅದು ಕುಡಿಯುವ ಪೆಟ್ರೋಲ್ ನೋಡಿ ಸಾಕಾಗಿ, ಹಳೆ ಅಂಬಾಸಿಡರ್ ಒಂದರ 1995 ಸಿಸಿ ಇಸುಝು ಡೀಸೆಲ್ ಇಂಜಿನ್ ಹಾಕಿಸಿದರು.

ಹಳೆಯದೇ ಯಾಕೆ? ಹೊಸ ಡೀಸೆಲ್‌ಗಳಿಗೆ ಕಂಪ್ಯೂಟರ್ ಬೇಕು, ಹತ್ತಾರು ಸೆನ್ಸರ್ ಬೇಕು. ಒಂದು ವೈರ್ ತಪ್ಪಿದರೂ ಇಂಜಿನ್ ಮುನಿಸಿಕೊಳ್ಳುತ್ತದೆ. ಹಳೆಯದರಲ್ಲಿ ಇರುವುದು ಇಂಜಿನ್ನೇ ತಿರುಗಿಸುವ ಒಂದು ಡೀಸೆಲ್ ಪಂಪ್ ಮತ್ತು ನಾಲ್ಕು ನೋಜಲ್. ಶುರು ಮಾಡುವಾಗ ಹೀಟರ್ ಪ್ಲಗ್‌ಗೆ ಕರೆಂಟು ಬೇಕು. ಆಮೇಲೆ ಪಂಪಿನ ವಾಲ್ವ್ ತೆರೆದಿಡಲು ಒಂದೇ ವೈರ್ ಸಾಕು.

ಆದರೆ ಪೆಟ್ರೋಲ್ ಗಾಡಿಗೆ ಡೀಸೆಲ್ ಹೃದಯ ಇಡುವವರು ಮರೆಯುವ ಸಂಗತಿ ಒಂದಿದೆ. ಈ ಇಂಜಿನ್‌ಗೆ ಗಾಳಿಯ ಬಾಗಿಲಿಲ್ಲ.

ಪೆಟ್ರೋಲ್ ಇಂಜಿನ್‌ನಲ್ಲಿ ಕಿಡಿಯಿಂದ ಬೆಂಕಿ ಹರಡಬೇಕಾದರೆ ಗಾಳಿ ಮತ್ತು ಪೆಟ್ರೋಲ್ ಹದವಾಗಿ ಬೆರೆತಿರಬೇಕು. ಒಂದು ಗ್ರಾಂ ಪೆಟ್ರೋಲ್‌ಗೆ ಸುಮಾರು 14.7 ಗ್ರಾಂ ಗಾಳಿ. ಹಾಗಾಗಿ ಪೆಟ್ರೋಲ್ ಕಡಿಮೆ ಮಾಡಿದರೆ ಗಾಳಿಯನ್ನೂ ಕಡಿಮೆ ಮಾಡಲೇಬೇಕು. ಅದಕ್ಕೇ ಗಾಳಿಯ ದಾರಿಯಲ್ಲಿ ತಿರುಗುವ ಒಂದು ತಗಡಿನ ಬಾಗಿಲು, ಥ್ರಾಟಲ್. ನೀವು ಆಕ್ಸಿಲರೇಟರ್ ಒತ್ತಿದಾಗ ತೆರೆಯುವುದು ಆ ಬಾಗಿಲು. ಕಾಲು ತೆಗೆದರೆ ಅದು ಮುಚ್ಚುತ್ತದೆ. ಪಿಸ್ಟನ್ ಮಾತ್ರ ಹೀರುತ್ತಲೇ ಇರುತ್ತದೆ. ಬಾಗಿಲ ಈಚೆ, ಇಂಜಿನ್ ಕಡೆ, ನಿರ್ವಾತ ಹುಟ್ಟುತ್ತದೆ.

ಡೀಸೆಲ್‌ಗೆ ಕಿಡಿ ಬೇಡ. ಗಾಳಿಯನ್ನು ಇಪ್ಪತ್ತು ಪಟ್ಟು ಹಿಂಡಿದರೆ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರೊಳಗೆ ಸಿಂಪಡಿಸಿದ ಹನಿ ಬಿದ್ದಲ್ಲೇ ಉರಿಯುತ್ತದೆ. ಸುತ್ತ ಗಾಳಿ ಎಷ್ಟೇ ಜಾಸ್ತಿ ಇದ್ದರೂ ಅಡ್ಡಿಯಿಲ್ಲ. ಆದ್ದರಿಂದ ಹಳೆ ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ಬಾಗಿಲೇ ಇರುವುದಿಲ್ಲ. ಆಕ್ಸಿಲರೇಟರ್ ಬರೀ ಡೀಸೆಲ್ಲನ್ನು ಅಳೆಯುತ್ತದೆ. ಮುಚ್ಚಿದ ಬಾಗಿಲ ವಿರುದ್ಧ ಹೀರುವ ದಂಡದ ಕೆಲಸ ಇಲ್ಲ. ಮೈಲೇಜ್ ಚೆನ್ನಾಗಿರುವುದಕ್ಕೆ ಇದೂ ಒಂದು ಕಾರಣ.

ಈಗ ಕಾಕಾನ ಪೆಡಲ್‌ಗೆ ಬನ್ನಿ. ಕಾಲಿನ ಒತ್ತಿಗೆ ಬಲ ಸೇರಿಸುವ, ಬ್ರೇಕ್ ಬೂಸ್ಟರ್ ಅನ್ನುವ ಕರಿ ಡಬ್ಬಿ ಕೆಲಸ ಮಾಡುವುದು ಆ ನಿರ್ವಾತದಿಂದಲೇ. ಪೆಡಲ್ ಒತ್ತಿದಾಗ ಒಳಗಿನ ರಬ್ಬರ್ ಪರದೆಯ ಒಂದು ಬದಿ ನಿರ್ವಾತ, ಇನ್ನೊಂದು ಬದಿ ನಮ್ಮ ಹೊರಗಿನ ಗಾಳಿ. ಪರದೆ 20 ಸೆಂಟಿಮೀಟರ್ ಅಗಲ ಇದೆ ಅಂದುಕೊಳ್ಳಿ. ವಿಸ್ತೀರ್ಣ 314 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರ್ ಮೇಲೆ 0.6 ಕೆಜಿ ಒತ್ತಡದ ವ್ಯತ್ಯಾಸ ಸಿಕ್ಕರೂ ಒಟ್ಟು ತಳ್ಳು 180 ಕೆಜಿ ದಾಟಿತು. ಇಬ್ಬರು ದೊಡ್ಡವರು ಒಟ್ಟಿಗೆ ಹತ್ತಿ ನಿಂತಂತೆ, ಅಲ್ವಾ? ಡೀಸೆಲ್ ಗಾಡಿಗಳಲ್ಲಿ ಇದಕ್ಕೆಂದೇ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ, ಎಷ್ಟೋ ಸಲ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಬೆನ್ನಿಗೇ. ಕಾಕಾನ ಗ್ಯಾರೇಜಿನವರು ಬೂಸ್ಟರ್ ಪೈಪಿನ ಬಾಯಿಗೆ ಸುಮ್ನೆ ಬಿರಡೆ ಬಡಿದಿದ್ದರು. ಊರೊಳಗೆ ನಿಧಾನ ಓಡಿಸುವಾಗ “ಸ್ವಲ್ಪ ಬಿರುಸೈತಿ” ಅಂದುಕೊಂಡದ್ದು ಇಳಿಜಾರಿನಲ್ಲಿ ಬಣ್ಣ ತೋರಿಸಿತು. ಇನ್ನೊಂದು ಪೆಟ್ಟೂ ಇತ್ತು. ಪೆಟ್ರೋಲ್ ಗಾಡಿಯಲ್ಲಿ ಕಾಲು ತೆಗೆದಾಗ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದಲ್ಲ, ಅದರ ದೊಡ್ಡ ಪಾಲು ಮುಚ್ಚಿದ ಬಾಗಿಲಿನದ್ದು. ಡೀಸೆಲ್‌ನಲ್ಲಿ ಆ ಪಾಲಿಲ್ಲ. ಲಾರಿಗಳಿಗೆ ಹೊಗೆಯ ದಾರಿ ಮುಚ್ಚಿ ಇಂಜಿನ್ನನ್ನು ತಡೆಯುವ ಎಕ್ಸಾಸ್ಟ್ ಬ್ರೇಕ್ ಇಡುವುದು ಅದಕ್ಕೇ.

ಬಾಗಿಲಿಲ್ಲದ್ದರಿಂದ ಇನ್ನೊಂದು ಭಯವೂ ಉಂಟು. ಸವೆದ ಇಂಜಿನ್ ಒಮ್ಮೊಮ್ಮೆ ತನ್ನದೇ ಆಯಿಲ್ ಹೀರಿ ಉರಿಸಲು ಶುರು ಮಾಡುತ್ತದೆ. ಕೀ ತಿರುಗಿಸಿದರೂ ನಿಲ್ಲದು, ವೇಗ ಏರುತ್ತಲೇ ಹೋಗುತ್ತದೆ. ಆಗ ಗಾಳಿಯ ಬಾಯಿಗೆ ಹಲಗೆ ಅಡ್ಡ ಹಿಡಿಯಬೇಕು. ಕೈ ಇಡಬಾರದು.

ಜೋಡಣೆಯ ಕೆಲಸವೂ ಸಣ್ಣದಲ್ಲ. ಇಂಜಿನ್ ಒಂದು ಕಂಪನಿಯದು, ಗೇರ್‌ಬಾಕ್ಸ್ ಇನ್ನೊಂದರದು. ನಡುವೆ ಒಂದು ದಪ್ಪ ಪ್ಲೇಟ್ ಕೊರೆಸಬೇಕು. ಕ್ರ್ಯಾಂಕ್ ಮತ್ತು ಗೇರ್‌ಬಾಕ್ಸ್ ಶಾಫ್ಟ್‌ನ ನಡುಗೆರೆಗಳು ಒಂದೆರಡು ಕೂದಲೆಳೆಗಿಂತ ಜಾಸ್ತಿ ಸರಿದರೆ ಬೇರಿಂಗ್ ಮತ್ತು ಕ್ಲಚ್ ಬೇಗ ಹಾಳು. ಇದಕ್ಕೆ ನಮ್ಮೂರು ಒಳ್ಳೇ ಜಾಗ. ಕಿರ್ಲೋಸ್ಕರ್ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ತೆರೆದ ಊರಿದು. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಕೂದಲೆಳೆಯಷ್ಟು ಅಂತರ ಅಳೆಯುವ ಡಯಲ್ ಗೇಜ್ ಹಿಡಿದು ಕೂತ ಲೇಥ್ ಮಿಸ್ತ್ರಿಗಳಿಗೆ ಬರವಿಲ್ಲ.

ಗೇರ್ ಲೆಕ್ಕ ಬೇರೆ. ಜಿಪ್ಸಿಯ ಹಲ್ಲುಗಳನ್ನು ನಿಮಿಷಕ್ಕೆ 6000 ಸುತ್ತು ಮುಟ್ಟುವ ಇಂಜಿನ್‌ಗೆ ಲೆಕ್ಕ ಹಾಕಿದ್ದು. 4000ಕ್ಕೇ ಏದುಸಿರು ಬಿಡುವ ಡೀಸೆಲ್ ಇಟ್ಟರೆ, ಅದೇ ಗೇರಿನಲ್ಲಿ 120 ಕಿಲೋಮೀಟರ್ ಇದ್ದ ವೇಗ 80ಕ್ಕೆ ಇಳಿಯುತ್ತದೆ. ಗದ್ದೆಯಲ್ಲಿ ಮಾತ್ರ ಇದೇ ವರ. ಕಡಿಮೆ ಸುತ್ತಿನಲ್ಲೇ ಎಳೆತ ಸಿಗುತ್ತದೆ, ಕೆಸರಲ್ಲಿ ಚಕ್ರ ಸುಮ್ಮನೆ ಗರಗರ ತಿರುಗುವುದಿಲ್ಲ. ಭಾರ ಜಾಸ್ತಿಯಾಗಿ ಮುಂದಿನ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗ್, ಕುಸಿದದ್ದಕ್ಕೆ ಇನ್ನೊಂದು ಪಟ್ಟಿ ಸೇರಿಸಿದರು.

ಇಷ್ಟೆಲ್ಲ ಸರಿಯಾದರೂ ಕಾನೂನು ಒಪ್ಪಬೇಕಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಕಾಕಾಗೆ ಇದು ತಿಳಿದದ್ದು ದುಡ್ಡು ಕೊಟ್ಟ ಮೇಲೆ. ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ.

ಈಗ ವ್ಯಾಕ್ಯೂಮ್ ಪಂಪ್ ಬಂದಿದೆ, ಗಾಡಿ ಮಾತ್ರ ಗದ್ದೆಯ ಬದು ದಾಟುವುದಿಲ್ಲ. ಆದರೂ ಬೆಳಿಗ್ಗೆ ಇಂಜಿನ್ ಶುರು ಮಾಡುವ ಮೊದಲು ಕಾಕಾ ಪೆಡಲನ್ನು ನಾಲ್ಕೈದು ಸಲ ಒತ್ತುತ್ತಾರೆ. ಅದು ಗಟ್ಟಿಯಾದ ಮೇಲೆ ಕಾಲು ಅಲ್ಲೇ ಇಟ್ಟು ಕೀ ತಿರುಗಿಸುತ್ತಾರೆ. ಇಂಜಿನ್ ಹತ್ತಿದ ಕೂಡಲೇ ಪೆಡಲ್ ಒಂದಿಷ್ಟು ಕೆಳಗೆ ಇಳಿಯಬೇಕು. ಇಳಿದರೆ “ಆತು, ಉಸಿರಾಡಕ್ಹತ್ತೇತಿ” ಅನ್ನುತ್ತಾರೆ.