ವೈನ್ ಪೆಟ್ಟಿಗೆಯ ಕೆಳಗಿನ ಡ್ರಾಯರ್

ಕಳೆದ ಕೆಲವು ವರ್ಷಗಳಿಂದ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹೋಂಸ್ಟೇಗಳವರೂ ಶಿವಮೊಗ್ಗದಲ್ಲಿ ಹೊಸ ಮನೆ ಕಟ್ಟಿಸುವವರೂ ನನ್ನ ಬಳಿ ವಿಚಾರಿಸುವ ಯಂತ್ರಗಳ ಪಟ್ಟಿಗೆ ಹೊಸದೊಂದು ಸೇರಿಕೊಂಡಿದೆ. ಮೇಲೆ ಗಾಜಿನ ಬಾಗಿಲಿನ ವೈನ್ ಕೂಲರ್, ಕೆಳಗೆ ಮೇಜಿನ ಖಾನೆಯಂತೆ ಎಳೆದು ತೆರೆಯುವ ಒಂದೋ ಎರಡೋ ಡ್ರಾಯರ್‌ಗಳ ಫ್ರಿಜ್, ಎರಡೂ ಸೇರಿ ಸುಮಾರು 60 ಸೆಂಟಿಮೀಟರ್ ಅಗಲದ ಒಂದೇ ಪೆಟ್ಟಿಗೆ. ಇಪ್ಪತ್ತು ವರ್ಷಗಳಿಂದ ಫ್ರಿಜ್ ಮತ್ತು ಕೋಲ್ಡ್ ರೂಮ್‌ಗಳ ಅಳವಡಿಕೆ, ರಿಪೇರಿ ಮಾಡಿಕೊಂಡು ಬಂದಿರುವ ನನ್ನನ್ನು ಜನರು ಮೊದಲು ಕೇಳುವುದು ಎಷ್ಟು ಬಾಟಲಿ ಹಿಡಿಯುತ್ತದೆ ಎಂದು. ನಾನು ಮೊದಲು ನೋಡುವುದು ಕೆಳಗಿನ ಡ್ರಾಯರನ್ನು, ಏಕೆಂದರೆ ವೈನ್ ಎರಡು ಡಿಗ್ರಿ ಆಚೀಚೆಯಾದರೆ ಸಹಿಸಿಕೊಳ್ಳುತ್ತದೆ, ಘಟ್ಟ ಹತ್ತಿ ಬಂದ ಮೀನು ಸಹಿಸುವುದಿಲ್ಲ.

ಎರಡು ಖಾನೆಗಳ ಸ್ವಭಾವವೇ ಬೇರೆ. ವೈನನ್ನು ತಿಂಗಳುಗಟ್ಟಲೆ ಇಡಬೇಕಾದರೆ 12ರಿಂದ 13 ಡಿಗ್ರಿ ಸೆಲ್ಸಿಯಸ್ ಸಾಕು. ಬಡಿಸುವ ಹೊತ್ತಿಗೆ ಬಿಳಿ ವೈನ್ 7ರಿಂದ 10, ಕೆಂಪು ವೈನ್ 15ರಿಂದ 18 ಡಿಗ್ರಿಯಲ್ಲಿದ್ದರೆ ರುಚಿ ಚೆನ್ನ. ಅದಕ್ಕೆ ಬೇಕಾದದ್ದು ಕತ್ತಲೆ, ಅಲುಗಾಟವಿಲ್ಲದ ಜಾಗ ಮತ್ತು ಏರಿಳಿತವಿಲ್ಲದ ತಂಪು. ಡ್ರಾಯರ್‌ನ ಬಾಳು ಹಾಗಲ್ಲ. ಹಾಲು, ಮೊಸರು, ದೋಸೆ ಹಿಟ್ಟು, ಕೆಸುವಿನ ಸೊಪ್ಪು, ಮೀನು ಎಂದು ದಿನಕ್ಕೆ ಮೂವತ್ತು ನಲವತ್ತು ಸಲ ಅದು ತೆರೆದು ಮುಚ್ಚುತ್ತದೆ, ಮತ್ತು ಅಷ್ಟು ಸಲ ತೆರೆದರೂ ಒಳಗಿನ ಪದಾರ್ಥ 5 ಡಿಗ್ರಿಗಿಂತ ಮೇಲೆ ಹೋಗಬಾರದು. ಒಂದೇ ಮೈಯೊಳಗೆ ಈ ಎರಡನ್ನೂ ಕೂಡಿಸುವಾಗ ತಯಾರಕರು ಎಲ್ಲಿ ಖರ್ಚು ಉಳಿಸಿದ್ದಾರೆ ಎಂಬುದನ್ನು ಹುಡುಕುವುದೇ ಕೊಳ್ಳುವವರ ಮುಖ್ಯ ಕೆಲಸ.

ಅಗ್ಗದ ಮಾದರಿಗಳಲ್ಲಿ ತಂಪು ಹುಟ್ಟುವ ಸುರುಳಿ, ಅಂದರೆ ಇವ್ಯಾಪರೇಟರ್, ಒಂದೇ ಇರುತ್ತದೆ. ಒಂದು ಸಣ್ಣ ಕವಾಟ ತೆರೆದು ಮುಚ್ಚುತ್ತ ಅಲ್ಲಿನ ಗಾಳಿಯನ್ನು ಎರಡು ಖಾನೆಗಳಿಗೂ ಹಂಚುತ್ತದೆ. ಗಾಳಿ ಒಂದೇ ಆದಾಗ ವಾಸನೆಯೂ ಒಂದೇ. ಮಳೆಗಾಲದಲ್ಲಿ ನೀರಿಗೆ ಹಾಕಿಟ್ಟ ಕಳಲೆಯನ್ನೋ ಬಿಡಿಸಿಟ್ಟ ಹಲಸಿನ ತೊಳೆಯನ್ನೋ ಡ್ರಾಯರ್‌ನಲ್ಲಿಟ್ಟು, ಮರುದಿನ ಮೇಲಿನ ಗಾಜಿನ ಬಾಗಿಲು ತೆರೆದು ಮೂಸಿ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇದಕ್ಕಿಂತ ಉತ್ತಮವಾದದ್ದು ಒಂದೇ ಕಂಪ್ರೆಸರ್ ಇದ್ದು ಖಾನೆಗೊಂದು ಇವ್ಯಾಪರೇಟರ್ ಇರುವ ಮಾದರಿ. ದುಬಾರಿ ಯಂತ್ರಗಳಲ್ಲಿ ಕಂಪ್ರೆಸರ್‌ಗಳೇ ಎರಡಿರುತ್ತವೆ, ಆದರೆ ನಮ್ಮ ಕಡೆಯ ಬಳಕೆಗೆ ಅಷ್ಟರ ಅಗತ್ಯ ನನಗೆ ಕಂಡಿಲ್ಲ. ಅಂಗಡಿಯವರಿಗೆ ಈ ವ್ಯತ್ಯಾಸ ಗೊತ್ತಿರುವುದು ಕಡಿಮೆ; ಕೈಪಿಡಿಯನ್ನು ಕೇಳಿ ಪಡೆದು ಇವ್ಯಾಪರೇಟರ್ ಎಷ್ಟು ಎಂದು ನೀವೇ ಓದಿಕೊಳ್ಳುವುದು ಮೇಲು.

ಕೈಪಿಡಿ ಸಿಗದಿದ್ದರೆ, ಅದೇ ಮಾದರಿ ಇರುವ ಮನೆಗೆ ಹೋಗಿ ಒಂದು ಪರೀಕ್ಷೆ ಮಾಡಬಹುದು. ಒಂದು ಸ್ಟೀಲ್ ಲೋಟದಲ್ಲಿ ನೀರು ತುಂಬಿ, ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ ಡ್ರಾಯರ್‌ನ ಮುಂಭಾಗದಲ್ಲಿ ರಾತ್ರಿಯಿಡೀ ಇಡಬೇಕು. ಲೋಟದ ನೀರು ಏಕೆಂದರೆ ಗಾಳಿಯ ಉಷ್ಣಾಂಶ ಡ್ರಾಯರ್ ತೆರೆದೊಡನೆ ಏರಿಬಿಡುತ್ತದೆ, ನೀರು ಮಾತ್ರ ಒಳಗಿನ ಪದಾರ್ಥದ ನಿಜಸ್ಥಿತಿಯನ್ನು ಹೇಳುತ್ತದೆ. ಬೆಳಿಗ್ಗೆ ನೋಡಿದಾಗ 3 ಅಥವಾ 4 ಡಿಗ್ರಿ ಇರಬೇಕು. ಬಳಿಕ ಮೇಲಿನ ವೈನ್ ಖಾನೆಯನ್ನು 8 ಡಿಗ್ರಿಯಿಂದ 16 ಡಿಗ್ರಿಗೆ ಏರಿಸಿ, ಮರುದಿನ ಅದೇ ಲೋಟವನ್ನು ನೋಡಬೇಕು. ನೀರು 7 ಡಿಗ್ರಿಗೆ ಏರಿದ್ದರೆ ಕೆಳಗಿನದು ಮೇಲಿನದರ ಬಾಲ ಹಿಡಿದುಕೊಂಡು ನಡೆಯುವ ಖಾನೆ; ಅಂಥದ್ದರಲ್ಲಿ ಕೋಲಾ ಬಾಟಲಿ ಇಡಬಹುದು, ಮೀನು ಇಡಬಾರದು.

ಡ್ರಾಯರ್‌ನ ಅಳತೆಯ ವಿಷಯದಲ್ಲಿ ನನ್ನ ಸಲಹೆ ಕೇಳಿ ನಗುವವರಿದ್ದಾರೆ. ಅಂಗಡಿಗೆ ಹೋಗುವಾಗ ಮನೆಯ ದೋಸೆ ಹಿಟ್ಟಿನ ತಪ್ಪಲೆಯನ್ನು ಮುಚ್ಚಳ ಸಮೇತ ಚೀಲದಲ್ಲಿ ಹಾಕಿಕೊಂಡು ಹೋಗಿ ಎನ್ನುತ್ತೇನೆ. ಈ ಡ್ರಾಯರ್‌ಗಳು ಪ್ಲಾಸ್ಟಿಕ್ ಡಬ್ಬಿ, ಹಣ್ಣು, ಬಾಟಲಿಗಳ ಅಡುಗೆಮನೆಯನ್ನು ಕಣ್ಣಮುಂದಿಟ್ಟುಕೊಂಡು ಮಾಡಿದಂಥವು. ಎಷ್ಟೋ ಮಾದರಿಗಳಲ್ಲಿ ಒಳಗಿನ ಎತ್ತರ ನಮ್ಮ ಪಾತ್ರೆಗೆ ಎರಡು ಬೆರಳು ಕಡಿಮೆ ಬೀಳುತ್ತದೆ. ಹಾಗೆಯೇ ಡ್ರಾಯರ್ ಪೂರ್ತಿ ಹೊರಗೆ ಬರುತ್ತದೆಯೇ, ಮುಕ್ಕಾಲಿಗೆ ನಿಲ್ಲುತ್ತದೆಯೇ ಎಂದು ಎಳೆದು ನೋಡಬೇಕು. ಮುಕ್ಕಾಲಿಗೆ ನಿಲ್ಲುವ ಡ್ರಾಯರ್‌ನ ಹಿಂದಿನ ಮೂಲೆಯಲ್ಲಿ ಮರೆತುಹೋದ ಕೊತ್ತಂಬರಿ ಕಟ್ಟುಗಳನ್ನು ನಾನು ಸಾಕಷ್ಟು ಹೊರತೆಗೆದಿದ್ದೇನೆ.

ಬಾಟಲಿಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆ 750 ಮಿಲಿಲೀಟರ್‌ನ, ನೇರ ಭುಜದ, ಸುಮಾರು ಏಳೂವರೆ ಸೆಂಟಿಮೀಟರ್ ದಪ್ಪದ ಬೋರ್ಡೊ ಬಾಟಲಿಗಳದ್ದು. ಇಳಿಭುಜದ ಬರ್ಗಂಡಿ ಬಾಟಲಿ, ಷಾಂಪೇನ್ ಬಾಟಲಿಗಳು ಅದಕ್ಕಿಂತ ದಪ್ಪ, ಆದ್ದರಿಂದ ಬಗೆಬಗೆಯವನ್ನು ಇಡುವವರಿಗೆ ಕಾಲುಭಾಗ ಕಡಿಮೆ ಹಿಡಿಯುತ್ತದೆ ಎಂದುಕೊಂಡರೆ ಸರಿ. ಬೆಂಡಿನ ಬಿರಡೆ ಒಣಗದಿರಲು ಒಳಗೆ ಶೇಕಡಾ 50ರಿಂದ 70ರಷ್ಟು ತೇವಾಂಶ ಬೇಕು ಎನ್ನುವುದು ನಿಜ. ಆದರೆ ಇಲ್ಲಿ ಸಿಗುವ ಅನೇಕ ಬಾಟಲಿಗಳಿಗೆ ಈಗ ತಿರುಗಿಸುವ ಲೋಹದ ಮುಚ್ಚಳವಿದೆ, ಅವುಗಳಿಗೆ ಈ ಚಿಂತೆಯೇ ಇಲ್ಲ.

ನಮ್ಮ ಊರಿನ ಹವೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಕಂಪ್ರೆಸರ್ ಇಲ್ಲದ, ಸದ್ದಿಲ್ಲದ, ಬೆಲೆಯೂ ಕಡಿಮೆಯಾದ ಕೂಲರ್‌ಗಳು ಮಾರುಕಟ್ಟೆಯಲ್ಲಿವೆ. ಎರಡು ಬಗೆಯ ಲೋಹಗಳ ಕೂಡುವೆಡೆಯಲ್ಲಿ ವಿದ್ಯುತ್ ಹರಿದಾಗ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಉಂಟಾಗುವುದನ್ನು 1834ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಕಂಡುಹಿಡಿದ; ಇವು ಆ ತತ್ವದ ಮೇಲೆ ನಡೆಯುವ ಯಂತ್ರಗಳು. ಕೋಣೆಯ ಉಷ್ಣಾಂಶಕ್ಕಿಂತ ಹದಿನೈದು ಡಿಗ್ರಿಯ ಆಸುಪಾಸಿನಷ್ಟು ಮಾತ್ರ ಇಳಿಸುವ ಶಕ್ತಿ ಅವುಗಳದ್ದು. ಏಪ್ರಿಲ್ ತಿಂಗಳಲ್ಲಿ ಶಿವಮೊಗ್ಗದ ಮನೆಯೊಳಗೆ 35 ಡಿಗ್ರಿ ಇರುವಾಗ ಅದರ ಒಳಗೆ 20 ಡಿಗ್ರಿ ಇರುತ್ತದೆ, ಅಷ್ಟೆ. ಕೆಳಗೆ ಆಹಾರದ ಡ್ರಾಯರ್ ಇರುವ ಯಂತ್ರದಲ್ಲಿ ಇದನ್ನು ಪರಿಗಣಿಸಲೇಬೇಡಿ. ಕಂಪ್ರೆಸರ್ ಇರುವ ಯಂತ್ರಗಳ ಹಿಂಬದಿಯ ಚೀಟಿಯಲ್ಲೂ ಒಂದು ಗುರುತು ಇರುತ್ತದೆ: ‘ಎನ್’ ಎಂದಿದ್ದರೆ 16ರಿಂದ 32 ಡಿಗ್ರಿಯ ಕೋಣೆಗೆ, ‘ಎಸ್‌ಟಿ’ ಎಂದಿದ್ದರೆ 38ರವರೆಗೆ, ‘ಟಿ’ ಎಂದಿದ್ದರೆ 43ರವರೆಗೆ ತಕ್ಕದ್ದು ಎಂದು ಅರ್ಥ. ನಮಗೆ ‘ಟಿ’ ಬೇಕು, ‘ಎಸ್‌ಟಿ’ಯಾದರೂ ಇರಬೇಕು.

ಇನ್ನು ಮಳೆಗಾಲ. ಎರಡು ವರ್ಷದ ಹಿಂದೆ ಆಷಾಢದಲ್ಲಿ ಆಗುಂಬೆಯ ಹತ್ತಿರದ ಒಂದು ಹೋಂಸ್ಟೇ ಮಾಲೀಕರು ಫೋನ್ ಮಾಡಿದರು. “ಎಂತ ಮಾರಾಯ್ರೇ, ತಂದು ಎರಡು ತಿಂಗಳಾಗಲಿಲ್ಲ, ಬಾಗಿಲಿಂದ ನೀರು ಇಳೀತಾ ಇದೆ. ಗ್ಯಾಸ್ ಲೀಕ್ ಆಗಿರಬೇಕು, ಬಂದು ತುಂಬಿಸಿ ಕೊಡಿ” ಎಂದರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರದು. ಹೋಗಿ ನೋಡಿದರೆ ಗಾಜಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ದಪ್ಪಗೆ ಹನಿಗಟ್ಟಿತ್ತು, ಕೆಳಗಿನ ಡ್ರಾಯರ್‌ನ ಮರದ ಮುಖ ಉಬ್ಬಿ, ಅಂಚಿನಲ್ಲಿ ಬೂಷ್ಟು ಹಿಡಿಯತೊಡಗಿತ್ತು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಕೋಣೆಯಲ್ಲಿ 24 ಡಿಗ್ರಿ ಉಷ್ಣಾಂಶ, ಶೇಕಡಾ 90 ತೇವಾಂಶ ಇದ್ದಾಗ ಅಲ್ಲಿನ ಗಾಳಿ ಸುಮಾರು 22 ಡಿಗ್ರಿಗಿಂತ ತಂಪಾದ ಯಾವ ಮೈಗೆ ತಾಗಿದರೂ ನೀರಾಗುತ್ತದೆ. ಅವರ ಕೂಲರ್‌ಗೆ ಇದ್ದದ್ದು ಸಾದಾ ಎರಡು ಪದರದ ಗಾಜು, ಒಳಗೆ 8 ಡಿಗ್ರಿಗೆ ಇಟ್ಟಿದ್ದರು. ಅಂಥ ಗಾಜಿನ ಹೊರಮೈ 18, 19 ಡಿಗ್ರಿಗೆ ಇಳಿದಿರುತ್ತದೆ. ವೈನ್ ಖಾನೆಯನ್ನು 13 ಡಿಗ್ರಿಗೆ ಏರಿಸಿದ ಮೇಲೆ ಸುರಿಯುವುದು ನಿಂತು ಬರೀ ಮಂಜು ಕಟ್ಟುವಷ್ಟಾಯಿತು. ಶಾಖ ತಡೆಯುವ ಲೇಪನ ಕೊಟ್ಟು ನಡುವೆ ಆರ್ಗಾನ್ ಅನಿಲ ತುಂಬಿದ ಗಾಜೋ ಮೂರು ಪದರದ ಗಾಜೋ ಇದ್ದಿದ್ದರೆ ಅಷ್ಟೂ ಆಗುತ್ತಿರಲಿಲ್ಲ. ಘಟ್ಟದ ಅಂಚಿನವರು ಗಾಜಿಗೆ ಹಣ ಹಾಕುವುದು ಶೋಕಿಯಲ್ಲ. ಗಾಜಿಲ್ಲದ, ಗಟ್ಟಿ ಬಾಗಿಲಿನ ಮಾದರಿ ಸಿಕ್ಕಿದರೆ ಇನ್ನೂ ಒಳ್ಳೆಯದು, ಆದರೆ ಬಾಟಲಿಗಳು ಅತಿಥಿಗಳ ಕಣ್ಣಿಗೆ ಬೀಳಬೇಕು ಎನ್ನುವವರಿಗೆ ಅದು ಒಪ್ಪುವುದಿಲ್ಲ.

ಗ್ಯಾಸ್ ತುಂಬಿಸುವ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಫ್ರಿಜ್‌ನ ಗ್ಯಾಸ್ ಒಲೆಯ ಸಿಲಿಂಡರ್‌ನಂತೆ ಬಳಸಿ ಮುಗಿಯುವಂಥದ್ದಲ್ಲ, ಕಡಿಮೆಯಾಗಿದ್ದರೆ ಎಲ್ಲೋ ತೂತಾಗಿದೆ ಎಂದೇ ಅರ್ಥ. ಈಗಿನ ಬಹುಪಾಲು ಯಂತ್ರಗಳಲ್ಲಿರುವುದು ಆರ್-600ಎ, ಅಂದರೆ ಬೆಂಕಿ ಹೊತ್ತಿಕೊಳ್ಳುವ ಐಸೋಬ್ಯೂಟೇನ್. ತೂತು ಹುಡುಕದೆ, ಬಾಗಿಲು ಕಿಟಕಿ ತೆರೆಯದೆ ಬೆಸುಗೆ ದೀಪ ಹಚ್ಚುವವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಮಳೆಗಾಲದ ಇನ್ನೊಂದು ಉಪದ್ರವ ಕಣ್ಣಿಗೆ ಕಾಣದ ಜಾಗದಲ್ಲಿರುತ್ತದೆ. ಡ್ರಾಯರ್‌ನೊಳಗೆ ಕಟ್ಟಿದ ಮಂಜು ಕರಗಿದ ನೀರು ಒಂದು ಸಣ್ಣ ಕೊಳವೆಯ ಮೂಲಕ ಕಂಪ್ರೆಸರ್‌ನ ಮೇಲಿನ ತಟ್ಟೆಗೆ ಬಂದು, ಅದರ ಬಿಸಿಗೆ ಆವಿಯಾಗಿ ಹೋಗಬೇಕು. ಜುಲೈ ತಿಂಗಳಲ್ಲಿ ನಮ್ಮಲ್ಲಿ ಒಗೆದ ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ, ಆ ತಟ್ಟೆಯ ನೀರು ಹೇಗೆ ಒಣಗೀತು? ಡ್ರಾಯರನ್ನು ಹೆಚ್ಚು ಸಲ ತೆರೆದಷ್ಟೂ ತೇವದ ಗಾಳಿ ಒಳನುಗ್ಗಿ ಮಂಜು ಹೆಚ್ಚಾಗಿ, ತಟ್ಟೆ ತುಂಬಿ ನೆಲಕ್ಕೆ ಹರಿಯುತ್ತದೆ. ಮುಂದಿನಿಂದಲೇ ಎಳೆದು ಚೆಲ್ಲಬಹುದಾದ ತಟ್ಟೆ ಇರುವ ಮಾದರಿಗಳು ಇವೆ. ಅಂಥದ್ದನ್ನೇ ಆರಿಸಿಕೊಂಡರೆ ಯಂತ್ರವನ್ನು ಕಪಾಟಿನಿಂದ ಹೊರಗೆಳೆಯುವ ಕಷ್ಟ ತಪ್ಪುತ್ತದೆ.

ಕಪಾಟಿನ ವಿಷಯದಲ್ಲಿ ನಾನೇ ಮಾಡಿದ ತಪ್ಪೊಂದಿದೆ. ಶಿವಮೊಗ್ಗದ ಒಂದು ಮನೆಯಲ್ಲಿ ಹಿಂಬದಿಯಿಂದ ಬಿಸಿಗಾಳಿ ಬಿಡುವ ಯಂತ್ರವೊಂದನ್ನು, ಮನೆಯವರ ಆಸೆಗೆ ಮಣಿದು, ಮೂರೂ ಕಡೆ ಸಾಗುವಾನಿ ಹಲಗೆ ಹೊಡೆದ ಗೂಡಿನಲ್ಲಿ ಕೂರಿಸಿದೆ. ತಿಂಗಳಾಗುವಷ್ಟರಲ್ಲಿ ಹಲಗೆಯ ಮೇಲೆ ಅಂಗೈ ಇಟ್ಟರೆ ಒಲೆಯ ಕಟ್ಟೆಯಂತೆ ಬಿಸಿ, ಕಂಪ್ರೆಸರ್ ಹಗಲೂ ರಾತ್ರಿ ನಿಲ್ಲದೆ ಓಡುತ್ತಿತ್ತು, ಡ್ರಾಯರ್ ಮಾತ್ರ 9 ಡಿಗ್ರಿಯಿಂದ ಕೆಳಗೆ ಇಳಿಯುತ್ತಿರಲಿಲ್ಲ. ಕೊನೆಗೆ ನನ್ನ ಖರ್ಚಿನಲ್ಲೇ ಹಲಗೆ ಕೊರೆದು ಮೇಲೂ ಕೆಳಗೂ ಜಾಲರಿ ಕೂರಿಸಬೇಕಾಯಿತು. ಗೂಡಿನೊಳಗೆ ಇಡುವುದಾದರೆ ಗಾಳಿಯನ್ನು ಮುಂದಿನಿಂದ, ಪಾದದ ಬಳಿಯ ಜಾಲರಿಯಿಂದ ಎಳೆದು ಬಿಡುವ ಮಾದರಿಯನ್ನೇ ಕೊಳ್ಳಬೇಕು. ಎತ್ತರವನ್ನೂ ಮೊದಲೇ ಅಳೆಯಬೇಕು: ಹೊರದೇಶದ ಅಳತೆಗೆ ಮಾಡಿದ ಯಂತ್ರಗಳು 82ರಿಂದ 88 ಸೆಂಟಿಮೀಟರ್ ಎತ್ತರವಿರುತ್ತವೆ, ನಮ್ಮ ಅಡುಗೆ ಕಟ್ಟೆ ಸಾಮಾನ್ಯವಾಗಿ ಗ್ರಾನೈಟ್ ಸೇರಿ 32ರಿಂದ 34 ಇಂಚು, ಅಂದರೆ 81ರಿಂದ 86 ಸೆಂಟಿಮೀಟರ್. ಕಲ್ಲಿನ ದಪ್ಪ ಕಳೆದರೆ ಉಳಿಯುವ ಜಾಗದಲ್ಲಿ ಯಂತ್ರ ಕೂರುವುದಿಲ್ಲ ಎಂಬುದು ಲಾರಿ ಬಂದು ನಿಂತ ಮೇಲೆ ಗೊತ್ತಾದರೆ ಕಷ್ಟ.

ಅಮೆರಿಕದಲ್ಲಿರುವ ಮಗನೋ ಮಗಳೋ ಅಲ್ಲಿಂದಲೇ ಕಳಿಸುತ್ತೇವೆ ಎಂದರೆ ಬೇಡವೆನ್ನಿ. ಅಲ್ಲಿನ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಹರ್ಟ್ಸ್, ಅಂದರೆ ಕರೆಂಟಿನ ಆವರ್ತನ, ಸರಿಹೋಗುವುದಿಲ್ಲ, ಸಾದಾ ಮೋಟಾರು ನಿಧಾನವಾಗಿ ತಿರುಗುತ್ತ ಬಿಸಿಯಾಗುತ್ತದೆ. ಇಲ್ಲಿ ಕೊಂಡ ಯಂತ್ರಕ್ಕೂ ಒಳ್ಳೆಯ ಸ್ಟೆಬಿಲೈಸರ್ ಬೇಕು, ಮತ್ತು ಕರೆಂಟು ಹೋಗಿ ಬಂದ ಮೇಲೆ ಮೂರರಿಂದ ಐದು ನಿಮಿಷ ತಡೆದು ಚಾಲೂ ಮಾಡುವ ವ್ಯವಸ್ಥೆ ಇರಬೇಕು. ಮರ ಬಿದ್ದು ತಂತಿ ಹರಿದು ಎರಡು ದಿನ ಕತ್ತಲೆಯಲ್ಲಿರುವ ಊರುಗಳಲ್ಲಿ ಇನ್ವರ್ಟರ್ ಇಟ್ಟುಕೊಂಡವರು ಅದು ಲೈನ್ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಸೈನ್ ವೇವ್ ಮಾದರಿಯದ್ದೇ ಎಂದು ನೋಡಿಕೊಳ್ಳಬೇಕು. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡುವ ಹಳೆಯ ಅಭ್ಯಾಸವನ್ನು ನಾನು ಬಿಟ್ಟಿಲ್ಲ. ಯಂತ್ರವನ್ನು ಗೂಡಿಗೆ ಸೇರಿಸುವಾಗ ಪ್ಲಗ್ ಕೈಗೆ ಸಿಗುವಂತೆ ಪಕ್ಕದ ಕಪಾಟಿನಲ್ಲಿ ಇಡಿಸುತ್ತೇನೆ. ಹಿಂಬದಿಯ ತೂತುಗಳಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯನ್ನೂ ಹೊಡೆಸುತ್ತೇನೆ, ಏಕೆಂದರೆ ಬೆಚ್ಚಗಿನ ಕಂಪ್ರೆಸರ್ ಮೂಲೆಯೆಂದರೆ ಹಲ್ಲಿಗೂ ಇಲಿಗೂ ಮಳೆಗಾಲದ ಮನೆ. ಸರ್ಕ್ಯೂಟ್ ಬೋರ್ಡಿನ ಮೇಲೆ ಸುಟ್ಟು ಅಂಟಿಕೊಂಡ ಹಲ್ಲಿಯಿಂದಾಗಿ ಬೋರ್ಡನ್ನೇ ಬದಲಿಸಿದ ಉದಾಹರಣೆಗಳು ನನ್ನ ಡೈರಿಯಲ್ಲಿ ನಾಲ್ಕಿವೆ.

ಇಷ್ಟೆಲ್ಲ ಕೇಳಿದ ಮೇಲೆ, ಹಾಗಾದರೆ ಕೊಳ್ಳಬೇಕೋ ಬೇಡವೋ ಎನ್ನುವವರಿಗೆ ನನ್ನ ಅಭಿಪ್ರಾಯ ನೇರವಾಗಿದೆ. ಅಡುಗೆಮನೆಯಲ್ಲಿ ಜಾಗವಿದ್ದರೆ ಒಳ್ಳೆಯ ಸಾಮಾನ್ಯ ಫ್ರಿಜ್ ಒಂದು, ಸಣ್ಣ ವೈನ್ ಕೂಲರ್ ಒಂದು ಎಂದು ಬೇರೆಬೇರೆ ತೆಗೆದುಕೊಳ್ಳುವುದು ಅಗ್ಗ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ, ಬಿಡಿಭಾಗಗಳೂ ಬೇಗ ಸಿಗುತ್ತವೆ. ಊಟದ ಹಜಾರದಲ್ಲಿ ಅರವತ್ತು ಸೆಂಟಿಮೀಟರ್ ಜಾಗ ಮಾತ್ರ ಇದ್ದು, ಅಲ್ಲೇ ಹಾಲು, ಹಣ್ಣು, ಕೋಕಂ ಶರಬತ್ತು, ನಾಲ್ಕು ಬಾಟಲಿ ವೈನ್ ಕೈಗೆ ಸಿಗಬೇಕು ಎನ್ನುವವರಿಗೆ ಜೋಡಿ ಯಂತ್ರ ಸರಿಯಾದದ್ದು. ಹೋಂಸ್ಟೇಯವರಿಗೆ ಇನ್ನೊಂದು ಮಾತು: ಅತಿಥಿ ತಂದ ಬಾಟಲಿಯನ್ನು ತಂಪಾಗಿಟ್ಟು ಕೊಡುವುದು ಬೇರೆ, ಅಬಕಾರಿ ಪರವಾನಗಿಯಿಲ್ಲದೆ ಮಾರುವುದು ಬೇರೆ, ಗಾಜಿನ ಬಾಗಿಲಿನೊಳಗೆ ದೀಪ ಹಾಕಿ ಬಾಟಲಿ ಜೋಡಿಸಿದಾಗ ನೋಡುವವರಿಗೆ ಆ ವ್ಯತ್ಯಾಸ ಕಾಣುವುದಿಲ್ಲ.

ಯಂತ್ರ ಮನೆಗೆ ಬರುವ ದಿನ ನೀವು ಅಲ್ಲೇ ಇರಬೇಕು. ಘಟ್ಟದ ತಿರುವುಗಳಲ್ಲಿ ಉರುಳದಿರಲೆಂದು ಲಾರಿಯವರು ಇದನ್ನು ಅಡ್ಡಡ್ಡ ಮಲಗಿಸಿ ತಂದಿರುತ್ತಾರೆ, ಆಗ ಕಂಪ್ರೆಸರ್‌ನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ. ನೆಟ್ಟಗೆ ನಿಲ್ಲಿಸಿ, ನೀರುಮಟ್ಟ ಇಟ್ಟು ಕಾಲುಗಳನ್ನು ತಿರುಗಿಸಿ ಸಮ ಮಾಡಿ, ಒಂದು ಇಡೀ ದಿನ ಪ್ಲಗ್ ಹಾಕದೆ ಬಿಡಬೇಕು. ಆ ರಾತ್ರಿಯ ಮಟ್ಟಿಗೆ ಮೀನು ಹಳೆಯ ಫ್ರಿಜ್‌ನಲ್ಲೇ ಇರಲಿ.