ಕುಳ್ಳ ಅಜೇಲಿಯಾ ಮೈಸೂರಿನಲ್ಲಿ ಉಳಿಯುವುದೇ?

ಪ್ರಶ್ನೆ: ಮನೆಯ ಮುಂದೆ ಇರುವುದು ನಾಲ್ಕಡಿ ಅಗಲದ ಜಾಗ. ಮೊಣಕಾಲೆತ್ತರ ಮೀರದ, ವರ್ಷವಿಡೀ ಹಸಿರಾಗಿರುವ ಅಜೇಲಿಯಾ ಬೇಕು. ಹಿಂದೆ ತಂದ ಗಿಡದ ಎಲೆ ಹಳದಿಯಾಯಿತು, ಗೊಬ್ಬರ ಹಾಕಿದಷ್ಟೂ ಸೊರಗಿತು. ಈ ಗಿಡ ಮೈಸೂರಿಗೆ ಆಗುವುದಿಲ್ಲವೇ?

ಉತ್ತರ: ನಿಮ್ಮ ಜಾಗಕ್ಕೆ ಹೇಳಿ ಮಾಡಿಸಿದಂತಿರುವುದು ರೋಡೋಡೆಂಡ್ರಾನ್ ನಕಹರೇ ಎಂಬ ಕುಳ್ಳ ಅಜೇಲಿಯಾ. ಉತ್ತರ ತೈವಾನಿನ ಬೆಟ್ಟಗಳ ಈ ಪ್ರಭೇದ ಸುಮಾರು ಒಂದಡಿ ಎತ್ತರಕ್ಕೆ ನಿಂತು ಪಕ್ಕಕ್ಕೆ ಹರಡುತ್ತದೆ. ಪುಟ್ಟ ಎಲೆ, ಇಟ್ಟಿಗೆಗೆಂಪು ಹೂ. ಉಳಿದ ಅಜೇಲಿಯಾಗಳ ಹೂವಿನ ಕಾಲ ಮುಗಿಯುತ್ತ ಬಂದಾಗ ಇದು ಅರಳುತ್ತದೆ. ಆದರೆ ಯಾವ ಅಜೇಲಿಯಾ ತಂದರೂ ನೀರಿನ ವಿಷಯ ಬಗೆಹರಿಯದೆ ಗಿಡ ಉಳಿಯದು.

ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರ ಹೆಚ್ಚಿದಾಗ ಬೇರಿಗೆ ಅದು ದಕ್ಕುವುದಿಲ್ಲ. ಅಜೇಲಿಯಾಕ್ಕೆ 4.5ರಿಂದ 6ರ ಪಿಎಚ್ (ಹುಳಿ-ಕ್ಷಾರದ ಅಳತೆ) ಇರುವ ಹುಳಿ ಮಣ್ಣು ಬೇಕು. ಮಂಡ್ಯದ ನಾಲೆ ಬಯಲಿನ ಚೌಳು ನೆಲವಂತೂ ಇದಕ್ಕೆ ತೀರಾ ವಿರುದ್ಧ. ಗಡಸಾದ ಕೊಳವೆಬಾವಿ ನೀರು ದಿನವೂ ಒಂದಿಷ್ಟು ಸುಣ್ಣ ಸೇರಿಸುತ್ತಲೇ ಇರುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯೇ ಎಂದು ನೋಡಿ, ಅನುಮಾನವೇ ಉಳಿಯುವುದಿಲ್ಲ. ಆಗ ಗೊಬ್ಬರ ಸುರಿದರೆ ಕೂದಲಿನಂಥ ಬೇರು ಸುಡುತ್ತದೆ. ಒಲೆಯ ಬೂದಿ, ಮೊಟ್ಟೆಯ ಸಿಪ್ಪೆ ಹಾಕುವ ರೂಢಿ ನಮ್ಮಲ್ಲಿದೆ. ಈ ಗಿಡಕ್ಕೆ ದಯವಿಟ್ಟು ಬೇಡ, ಎರಡೂ ಕ್ಷಾರವನ್ನೇ ಹೆಚ್ಚಿಸುತ್ತವೆ.

ಆದ್ದರಿಂದ ನೆಲ ಬಿಟ್ಟು ಅಗಲವಾದ, ಆಳ ಕಡಿಮೆಯ ಕುಂಡದಲ್ಲಿ ನೆಡಿ. ತೆಂಗಿನ ನಾರಿನ ಪುಡಿಯನ್ನು ಚೆನ್ನಾಗಿ ತೊಳೆದು, ಕೊಳೆತ ಎಲೆಗೊಬ್ಬರ, ಸ್ವಲ್ಪ ಕೆಂಪು ಮಣ್ಣು ಬೆರೆಸಿ. ಬೇರು ಮೇಲ್ಪದರದಲ್ಲೇ ಇರುವುದರಿಂದ ಬುಡ ಕೆದಕದೆ ಒಣಗಿದ ಎಲೆ ಹೊದಿಸಿ. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಅದನ್ನೇ ಹನಿಸಿ. ಅದು ಮುಗಿದರೆ ನಲ್ಲಿಯ ಹೊಳೆ ನೀರು ಆದೀತು. ಬೆಳಗಿನ ಬಿಸಿಲು ಸಾಕು. ಏಪ್ರಿಲ್ಲಿನ ಮಧ್ಯಾಹ್ನದ ಬಿಸಿಲು ಖಂಡಿತ ತಾಗಬಾರದು.

ಇಷ್ಟು ಮಾಡಿದರೂ ಊಟಿಯಂತೆ ಮೈತುಂಬ ಹೂ ಬಿಟ್ಟೀತೆಂದು ನಾನು ಭರವಸೆ ಕೊಡಲಾರೆ. ಅಲ್ಲಿಯ ಎತ್ತರ 2,200 ಮೀಟರ್ ದಾಟುತ್ತದೆ, ಮೈಸೂರಿನದು 770ರ ಆಸುಪಾಸು. ಚಳಿಯ ಆ ಕೊರತೆಯನ್ನು ನೀರು, ಮಣ್ಣು ತುಂಬಲಾರವು. ಬಂದಷ್ಟು ಹೂ ಬಾಡಿದ ಕೂಡಲೇ ಸವರಿ. ತಡಮಾಡಿದರೆ ಮುಂದಿನ ವರ್ಷದ ಮೊಗ್ಗನ್ನೇ ಕತ್ತರಿಸಿದಂತಾಗುತ್ತದೆ.

ಇದರ ಎಲೆ, ಹೂ ಎರಡೂ ವಿಷ. ಮೇಕೆ, ನಾಯಿ, ಚಿಕ್ಕ ಮಕ್ಕಳಿಗೆ ಎಟುಕದ ಕಡೆ ಕುಂಡ ಇಡಿ.